ಗುರುಲಿಂಗಪ್ಪ ಮಾಸ್ತರರ ತತ್ತಿ

ಇಷ್ಟಕ್ಕೆಲ್ಲ ಕಾರಣ ಒಂದು ಕೋಳಿ ತತ್ತಿ. ಇಂಡಿ ಊರಿನ ಗುರುಲಿಂಗಪ್ಪ ಮಾಸ್ತರರು ಹುಟ್ಟಿದಾಗಿನಿಂದ ಅದನ್ನು ಮುಟ್ಟಿದವರಲ್ಲ. ಸಾಲಿ ಮಕ್ಕಳಿಗೆ ತತ್ತಿ ಕೊಡಬಾರದೆಂದು ಓಣಿ ಮಂದಿಯನ್ನು ಕಟ್ಟಿಕೊಂಡು ಕೂಗಾಡಿದವರೂ ಇವರೇ.

ಹೋದ ತಿಂಗಳು ಅವರ ಎದೆ ಕೈಕೊಟ್ಟಿತ್ತು. ಇವತ್ತು ತೋರಿಸಲು ಹೋದರೆ ಡಾಕ್ಟರು, "ಮಾಸ್ತರ, ಹೃದಯದ ಸ್ನಾಯುವಿನ್ಯಾಗ ಸತ್ತ ಎಳಿ ತಿರುಗಿ ಬರಾಂಗಿಲ್ಲ. ಉಳದಾವಲ್ಲ, ಅವು ದಿನಾ ಸವೀತಾವ, ದಿನಾ ದುರಸ್ತಿ ಆಗಬೇಕು. ಅದಕ್ಕ ಪ್ರೋಟೀನ್ ಬೇಕು. ಬ್ಯಾಳಿ ತಿನ್ರಿ, ಹಾಲು ಕುಡೀರಿ. ತತ್ತಿ ತಿಂದ್ರ ಇನ್ನೂ ಚಲೋ" ಅಂದುಬಿಟ್ಟರು.

ಮಾಸ್ತರರ ಕಿವಿಯಲ್ಲಿ ಕೊನೆಯ ಮಾತೊಂದೇ ಉಳಿಯಿತು. ಸಾಯುವ ಹೆದರಿಕೆ ಕೆಟ್ಟದ್ದು ನೋಡ್ರಿ. ಇಂಡಿಯಲ್ಲಿ ತಿಂದರೆ ಮಾನ ಹೋದೀತೆಂದು ಸಿಂದಗಿ ಬಸ್ಸು ಹತ್ತಿದರು.

ಅಲ್ಲಿ ಬಸ್ ಸ್ಟ್ಯಾಂಡಿನ ಹೊರಗಿನ ಗಾಡಿಯಲ್ಲಿ, ಕುದಿಯುವ ನೀರಿನಿಂದ ಆಗಷ್ಟೇ ತೆಗೆದ ಅರೆಬೆಂದ ತತ್ತಿ ಕೈಗೆ ಬಂತು. ಇನ್ನೇನು ಸುಲಿಯಬೇಕು, ಕೈ ತಾನೇ ಕೊರಳಿನ ಲಿಂಗಕ್ಕೆ ಹೋಯಿತು. ಬ್ಯಾಡಪಾ, ಸತ್ತರೂ ಬ್ಯಾಡ ಅನ್ನುವಷ್ಟರಲ್ಲಿ ಬೆನ್ನ ಹಿಂದೆ ದನಿ.

"ಏನ್ರಿ ಮಾಸ್ತರ, ನೀವಿಲ್ಲಿ?"

ಅವರ ಓಣಿಯದೇ ಆಟೋ ಓಡಿಸುವ ಅಶ್ಫಾಕ! ಮಾಸ್ತರರು ಗಾಬರಿಯಿಂದ ತತ್ತಿಯನ್ನು ಅಂಗಿಯ ಎದೆಗಿಸೆಗೆ ತುರುಕಿದರು. ಕೆಂಡ ಇಟ್ಟಂತಾಯಿತು. ಮುಖ ಕಿವುಚಿಕೊಂಡಿತು, ಬೆವರಿಳಿಯಿತು, ಎರಡೂ ಕೈ ಎದೆ ಹಿಡಿದವು.

"ಯಾ ಅಲ್ಲಾ! ಮಾಸ್ತರಿಗೆ ಮತ್ತ ಎದಿ ಹಿಡೀತು! ಓಡಿ ಬರ್ರೆಪೋ!"

"ಏನೂ ಆಗಿಲ್ಲೋ, ಬಿಡೋ!"

ಯಾರು ಕೇಳಬೇಕು? ಮಂದಿ ಅವರನ್ನು ಅಂಗಾತ ಮಲಗಿಸಿದರು. ಒಬ್ಬ ಪೈಲ್ವಾನನಂಥವನು ಎದೆ ಮೇಲೆ ಕೈಯಿಟ್ಟು ಒತ್ತಿದ. ಪಚಕ್! ಅಂಗಿ ತುಂಬ ಹಳದಿ ಹರಿಯಿತು.

"ಅಯ್ಯ ಶಿವನ, ಎದಿ ಒಡೀತು!" ಎಂದು ಒಬ್ಬಾಕೆ ಕಿರುಚಿದಳು.

ಅಶ್ಫಾಕ ಬಗ್ಗಿ ನೋಡಿದ. "ಎದಿ ಅಲ್ಲಬೇ, ತತ್ತಿ ಒಡದೈತಿ."

ಮಾಸ್ತರರಿಗಿಂತ ಮೊದಲು ಸುದ್ದಿ ಇಂಡಿ ಮುಟ್ಟಿತ್ತು. ಓಣಿಯಲ್ಲಿ ಒಬ್ಬರೂ ನಮಸ್ಕಾರ ಅನ್ನಲಿಲ್ಲ. ಮನೆಯಲ್ಲಿ ಹೆಂಡತಿ ಕಸ್ತೂರೆವ್ವ ಅಳುತ್ತ ಕೂತಿದ್ದಳು.

"ಲಿಂಗದಾಣಿ, ನಾ ಒಂದ್ ತುತ್ತೂ ತಿಂದಿಲ್ಲ" ಅಂದರು ಮಾಸ್ತರರು.

"ತಿಂದೀರಿ. ತಿಂಗಳಿಂದ ದಿನಾ ಕಡ್ಲಿಹಿಟ್ಟಿನ ಝುಣಕದಾಗ ತತ್ತಿ ಕಲಸಿ ನಾನ ಹಾಕಾಕತ್ತೇನಿ. ಡಾಕ್ಟರು ಅವತ್ತ ನನಗ ಹೇಳಿದ್ರು. ನಿಮಗೂ ಗೊತ್ತಾಗಬಾರದು, ಊರಿಗೂ ಗೊತ್ತಾಗಬಾರದು ಅಂತ ಎಷ್ಟು ಒದ್ದಾಡೇನಿ!"

ಮಾಸ್ತರರು ಗೋಡೆಗೆ ಒರಗಿ ಕೂತರು. ಸಣ್ಣ ದನಿಯಲ್ಲಿ, "ಮತ್ತ... ಇವತ್ತ?" ಅಂದರು.

"ಇವತ್ತ ಹೆಂಗ ತರ್ಲಿ? ಓಣಿಗೆ ಓಣಿನ ನನ್ನ ಕೈಚೀಲಾ ನೋಡಾಕತ್ತೈತಿ."

ಊಟಕ್ಕೆ ಬರೇ ಝುಣಕ ಬಂತು. ಮಾಸ್ತರರಿಗೆ ಅದು ಸಪ್ಪಗೆ ಹತ್ತಿತು.