ಹಾಜರಿ ಬಾಗಿಲಿನ ಮಾತಾಡುವ ತೂಕದ ಯಂತ್ರಕ್ಕೆ ಒಂದು ಎದೆಯುರಿಯ ಮನವಿ

ಗೆ,
ಮಾತಾಡುವ ತೂಕದ ಯಂತ್ರದವರು,
ಹಾಜರಿ ಬಾಗಿಲಿನ ಬಲಕ್ಕೆ, ದೂರು ಸ್ವೀಕಾರ ವಿಭಾಗ, ಮೂರನೇ ಮಹಡಿ.

ಮಾನ್ಯರೇ,

ಬೂಟು ಬಿಚ್ಚಿ, ಬೆಲ್ಟು ಬಿಚ್ಚಿ, ಹತ್ತು ಗ್ರಾಮಾದರೂ ಉಳಿಯಲೆಂದು ಕಿವಿಯೋಲೆಯನ್ನೂ ಬಿಚ್ಚಿಟ್ಟು ತಮಗೆ ಸಾವಿರ ನಮಸ್ಕಾರ. ತಾವು ಕ್ಷೇಮವಾಗಿಯೇ ಇರುತ್ತೀರಿ. ದಿನಾ ಇಪ್ಪತ್ಮೂರು ಜನ ಹತ್ತಿ ತುಳಿದರೂ ಹುಳಿತೇಗು ಬಾರದ ಪುಣ್ಯದ ದೇಹ ತಮ್ಮದು.

ನನ್ನ ಪರಿಚಯ ಬೇಕಿಲ್ಲ. "ಎಂಬತ್ತೊಂಬತ್ತು ಕಿಲೋ ಇನ್ನೂರು ಗ್ರಾಂ, ಇನ್ನಷ್ಟು ಪ್ರಯತ್ನಿಸಿ, ಶುಭದಿನ!" ಎಂದು ತಾವು ಈಚೆಗೆ ಪ್ರತಿ ಬೆಳಿಗ್ಗೆ ಇಡೀ ಮಹಡಿಗೆ ಡಂಗುರ ಸಾರುವುದು ನನ್ನ ಬಗ್ಗೆಯೇ. ವಯಸ್ಸು ಇಪ್ಪತ್ತಾರು. ಫ್ರಿಜ್ ತಣ್ಣಗಾಗದವರ, ಮಿಕ್ಸಿ ತಿರುಗದವರ ಬೈಗುಳವನ್ನು ಫೋನಿನಲ್ಲಿ ಕೇಳಿಸಿಕೊಂಡು, ನಾನು ಮಾಡದ ತಪ್ಪಿಗೆ ದಿನಕ್ಕೆ ತೊಂಬತ್ತು ಸಲ ಕ್ಷಮೆ ಕೇಳುವುದು ನನ್ನ ಹೊಟ್ಟೆಪಾಡು. ಊಟಕ್ಕೆ ಹದಿನೈದು ನಿಮಿಷ ಕೊಟ್ಟಿದ್ದಾರೆ; ಡಬ್ಬಿ ಬಿಸಿಮಾಡುವ ಓವನ್ನಿನ ಮುಂದಿನ ಸಾಲು ಹನ್ನೊಂದು ನಿಮಿಷ ನುಂಗುತ್ತದೆ, ಉಳಿದ ನಾಲ್ಕರಲ್ಲಿ ನಾನು ನುಂಗಬೇಕು. ಅಗಿಯುವುದು ಮೇಲಧಿಕಾರಿಗಳ ಸವಲತ್ತು.

ಇಂಥ ಸುಖದ ನಡುವೆ 'ಆರೋಗ್ಯ ಅಭಿಯಾನ'ದ ಹೆಸರಿನಲ್ಲಿ ತಮ್ಮ ಆಗಮನವಾಯಿತು. ತಮ್ಮ ಮೇಲೆ ನಿಂತು, ತಾವು ಕೂಗಿದ ಮೇಲೆಯೇ ಹಾಜರಿ. ನಿಲ್ಲದವರಿಗೆ ಆ ದಿನ ಗೈರುಹಾಜರಿ, ಮೂರು ಗೈರುಹಾಜರಿಗೆ ಮನೆಯ ದಾರಿ. ತಮ್ಮ ಬಾಯಿಗೆ ಹೆದರಿ ನಾನು ಬೆಳಗಿನ ತಿಂಡಿ ಬಿಟ್ಟೆ, ಮಧ್ಯಾಹ್ನ ಬರೀ ಕಾಫಿ ಕುಡಿದೆ, ಸಂಜೆ ಮನೆ ಸೇರಿದ್ದೇ ಮೂರು ಹೊತ್ತಿನದನ್ನು ಒಂದೇ ಹೊತ್ತಿಗೆ ಬಾಚಿ ತಿಂದು ಹಾಸಿಗೆಗೆ ಉರುಳಿದೆ. ತೂಕ ಏರಿತು, ಜತೆಗೆ ಹೊಟ್ಟೆಯ ಹುಳಿಯೂ ಗಂಟಲಿಗೇರಿತು. "ಬೆಳೀತಿದ್ದೀಯ ಕಣೇ, ಆದ್ರೆ ಅಡ್ಡಡ್ಡಕ್ಕೆ" ಎಂದು ಅಮ್ಮ ನಕ್ಕಳು. ನಾನೂ ನಕ್ಕು, ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತು ಬಂದೆ.

ಕಳೆದ ಮಂಗಳವಾರ ಒಬ್ಬ ಗ್ರಾಹಕರು ಇಪ್ಪತ್ತು ನಿಮಿಷ ನನ್ನ ಜನ್ಮ ಜಾಲಾಡಿದ ಮೇಲೆ, "ತಮಗಾದ ತೊಂದರೆಗೆ" ಎಂದು ಶುರುಮಾಡಿ "ವಿಷಾದಿಸುತ್ತೇವೆ" ಎನ್ನುವಷ್ಟರಲ್ಲಿ, ನಡುವೆ ಕಹಳೆ ಊದಿದಂಥ ತೇಗೊಂದು ಹೊರಟುಹೋಯಿತು. ಆಮೇಲೆ ಆ ಪುಣ್ಯಾತ್ಮರು, "ಅಯ್ಯೋ ತಾಯಿ, ಖಾಲಿ ಹೊಟ್ಟೆ ತೇಗಲ್ವಾ ಇದು? ಮೊದಲು ಹೋಗಿ ಏನಾದ್ರೂ ತಿನ್ನಮ್ಮ, ನನ್ನ ಫ್ರಿಜ್ ಎಲ್ಲಿಗೆ ಓಡಿಹೋಗುತ್ತೆ" ಎಂದರು. ವರ್ಷವಿಡೀ ಈ ಕಟ್ಟಡದಲ್ಲಿ ನನ್ನನ್ನು ಊಟಕ್ಕೆ ಕಳಿಸಲು ನೋಡಿದ ಏಕೈಕ ಮನುಷ್ಯ, ಕಟ್ಟಡದ ಹೊರಗಿದ್ದರು! ಆ ಕರೆಗೆ ಮ್ಯಾನೇಜರು ನನಗೆ ಸೊನ್ನೆ ಅಂಕ ಕೊಟ್ಟರು.

ಎದೆ ಉರಿದಾಗ ಹೃದಯವೇ ನಿಂತೀತೆಂದು ಭಯ, ಭಯಪಟ್ಟರೆ ಇನ್ನಷ್ಟು ಉರಿ, ಎರಡನ್ನೂ ಮರೆಯಲು ಒಂದು ಪೊಟ್ಟಣ ಬಿಸ್ಕತ್ತು, ಬಿಸ್ಕತ್ತು ತಿಂದದ್ದಕ್ಕೆ ಮರುದಿನ ತಮ್ಮ ಪ್ರವಚನ. ಡಾಕ್ಟರಮ್ಮ ಇಸಿಜಿ ತೆಗೆದು, "ಹೃದಯ ಗಟ್ಟಿಯಾಗಿದೆ. ಹೊತ್ತಿಗೆ ಸರಿಯಾಗಿ ನಿಧಾನಕ್ಕೆ ಊಟ ಮಾಡಿ, ಉಂಡ ತಕ್ಷಣ ಮಲಗಬೇಡಿ, ಮನಸ್ಸಿನ ಡಾಕ್ಟರನ್ನೂ ಒಮ್ಮೆ ನೋಡಿ, ನಾಚಿಕೆ ಬೇಡ" ಎಂದರು. ಆ ಚೀಟಿ ಒಯ್ದು ತೋರಿಸಿದರೆ ಮ್ಯಾನೇಜರು 'ನಗುನಗುತ್ತಾ ಇರಿ' ಎಂಬ ಭಿತ್ತಿಚಿತ್ರವನ್ನು ನನ್ನ ಮೇಜಿನ ಮುಂದೆ ಅಂಟಿಸಿದರು.

ತಮ್ಮ ಜ್ಞಾನದ ಆಳಕ್ಕೆ ಇನ್ನೊಂದು ಸಾಕ್ಷಿ: ಪಕ್ಕದ ಮೇಜಿನ 'ಕಡ್ಡಿ'. ತನ್ನ ಎದೆಯುರಿಗೆ ಹೆದರಿ ತುತ್ತು ನುಂಗಲಾರದೆ ಆರು ಕಿಲೋ ಇಳಿದ ಆ ಹುಡುಗನಿಗೆ ತಾವು "ಅಭಿನಂದನೆಗಳು! ಹೀಗೇ ಮುಂದುವರಿಸಿ!" ಎಂದಿರಿ. ಮುಂದುವರಿಸಿದ್ದರೆ ಅವನು ತಮ್ಮ ಲೆಕ್ಕದಲ್ಲಿ ಸಂಪೂರ್ಣ ಗುಣಮುಖನಾಗಿ ಹಾರ ಹಾಕಿದ ಫೋಟೋದಲ್ಲಿ ಇರುತ್ತಿದ್ದ.

ಇಷ್ಟು ಪ್ರತಿಭಾವಂತರಾದ ತಾವು ದಯವಿಟ್ಟು ನಾಲ್ಕು ನಿಮಿಷದ ಊಟವನ್ನು ತೂಗಬೇಕು. ತೊಂಬತ್ತು ಕ್ಷಮಾಪಣೆಗಳನ್ನು ತೂಗಬೇಕು. ಬಚ್ಚಲಿನ ನಲ್ಲಿಯ ಸದ್ದನ್ನೂ ತೂಗಿ, ಅದನ್ನೂ ಇಡೀ ಮಹಡಿಗೆ ಕೂಗಿ ಹೇಳಬೇಕು. ಆಗದೇ? ಹಾಗಾದರೆ ಬಾಯಿ ಮುಚ್ಚಬೇಕು.

ನಿನ್ನೆ ಏನಾಯಿತೆಂದು ತಮಗೆ ಗೊತ್ತೇ ಇದೆ. ನಾನು ತಮ್ಮ ಮುಂದೆ ನಿಂತು ಹತ್ತಲಾರೆ ಎಂದೆ. ಕಸ ಗುಡಿಸುವ ಅಕ್ಕ ಪೊರಕೆ ಬಿಸಾಡಿ, "ಹತ್ತು ಮಗಳೇ, ಒಬ್ಬಳೇ ಯಾಕೆ, ನಾನೂ ಬರ್ತೀನಿ" ಎಂದು ನನ್ನ ಸೊಂಟ ಹಿಡಿದು ತಮ್ಮ ಮೇಲೇರಿದಳು. ಹಿಂದೆಯೇ ಕಡ್ಡಿ, ಅವನ ಹಿಂದೆ ಇನ್ನಿಬ್ಬರು, ಜಾಗ ಸಿಕ್ಕಿದ್ದು ಒಂದೊಂದೇ ಕಾಲಿಗೆ. ಉಳಿದವರು ಕೆಳಗೆ ಸುತ್ತ ನಿಂತು ನಮ್ಮ ತೋಳು ಹಿಡಿದುಕೊಂಡರು. ತಾವು ಗಂಟಲು ಕಟ್ಟಿ, "ಮಿತಿ ಮೀರಿದೆ, ದಯವಿಟ್ಟು ಇಳಿಯಿರಿ" ಎಂದು ಮೂರು ಸಲ ಬೇಡಿಕೊಂಡಿರಿ. ಮಾನ್ಯರೇ, ನಾವೂ ವರ್ಷದಿಂದ ಅದನ್ನೇ ಹೇಳುತ್ತಿದ್ದೆವು! ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು, ಉರಿ ಮಾತ್ರ ಆ ಹೊತ್ತಿಗೆ ಪತ್ತೆಯಿಲ್ಲ.

ಸೋಮವಾರದಿಂದ ಇಪ್ಪತ್ಮೂರರಲ್ಲಿ ಒಬ್ಬರೂ ತಮ್ಮನ್ನು ತುಳಿಯುವುದಿಲ್ಲ. ತೂಗಿಸಿಕೊಳ್ಳದೆ ಹಾಜರಿ, ಕೂತು ಉಣ್ಣಲು ಅರ್ಧ ಗಂಟೆ: ಇದು ಬೇಡಿಕೆ. ಗೈರುಹಾಜರಿ ಹಾಕುವುದಾದರೆ ಇಪ್ಪತ್ಮೂರಕ್ಕೂ ಹಾಕಲಿ, ತೊಂಬತ್ತು ಸಲದ ಕ್ಷಮೆಯನ್ನು ಮ್ಯಾನೇಜರೇ ಕೇಳಲಿ.

ಮತ್ತೆಂದೂ ತಮ್ಮ ಮೇಲೆ ಕಾಲಿಡದ,
ತಮ್ಮ ವಿಶ್ವಾಸಿ,
ಎಂಬತ್ತೊಂಬತ್ತು ಕಿಲೋ ಇನ್ನೂರು ಗ್ರಾಂ

ತಾ.ಕ.: ಮಂಡಿನೋವಿನ ಕಾರಣ ನೀಡಿ ನಮ್ಮ ಮ್ಯಾನೇಜರು ಇದುವರೆಗೆ ಒಮ್ಮೆಯೂ ತಮ್ಮನ್ನು ಹತ್ತಿಲ್ಲವೆಂದು ತಿಳಿದುಬಂದಿದೆ. ಅವರಿಗೆ ಪ್ರಮಾಣಪತ್ರ ಬರೆದುಕೊಟ್ಟ ವೈದ್ಯರ ವಿಳಾಸ ತಮಗೆ ಗೊತ್ತಿದ್ದರೆ ತಿಳಿಸಿ. ನಮಗೆ ಇಪ್ಪತ್ಮೂರು ಪ್ರತಿ ಬೇಕಾಗಿದೆ.