ಒಳಗೇ ಪಾಕ್ ಮಾಡಿ

ವಾರಿ ಪಟ್ಟಣದವರ ಬಾಯಲ್ಲಿ ಗಾಡಿ ನಿಲ್ಲಿಸುವುದೂ ಪಾಕ್, ಬಸ್ಸುಗಳು ನಿಲ್ಲುವ ಜಾಗವೂ ಪಾಕ್, ಗಂಟುಮೂಟೆ ಕಟ್ಟಿಕೊಂಡು ಮನೆ ಬದಲಾಯಿಸುವುದೂ ಪಾಕ್. (ಸಕ್ಕರೆ ಪಾಕವೊಂದು ಬಾಕಿ.) ಇಂಥ ಊರಿನಲ್ಲಿ ಮಾತನ್ನು ಅಳೆದು ತೂಗಿ ಆಡಬೇಕೆಂದು ಒಚುಕೊ ಎಲ್ಲರಿಗೂ ಉಪದೇಶ ಮಾಡುತ್ತಿದ್ದ. ಗ್ರಹಚಾರ ಅವನ ನಾಲಿಗೆಯ ಮೇಲೆಯೇ ಕೂತಿತ್ತು.

ಸಪೇಲೆ ಊರಿನಿಂದ ಅತ್ತೆ, ಹೆಂಡತಿಯ ತಾಯಿ, ಎರಡು ದಿನದ ಮಟ್ಟಿಗೆ ಬರುವವರಿದ್ದರು. ಬೀದಿಯಲ್ಲಿ ಚರಂಡಿ ಪಕ್ಕ ನಿಲ್ಲಿಸಿದ ಗಾಡಿಗಳನ್ನು ಊರಾಡಳಿತದವರು ಎಳೆದುಕೊಂಡು ಹೋಗುತ್ತಿದ್ದ ಕಾಲ. ಅತ್ತೆಯನ್ನು ಕರೆತರುವ ಬಾಡಿಗೆ ವ್ಯಾನಿನ ಗತಿಯೇನೆಂದು ಯೋಚಿಸಿ ಒಚುಕೊ ಫೋನ್ ಮಾಡಿದ. ಅಲ್ಲಿಯ ರೂಢಿಯಂತೆ ಅತ್ತೆಯನ್ನು ಅವನು ಕರೆಯುತ್ತಿದ್ದುದು ಮಾಮಾ, ಎಂದರೆ ಅಮ್ಮ ಎಂದು.

"ಮಾಮಾ, ಹೊರಗೆಲ್ಲೂ ಪಾಕ್ ಮಾಡ್ಬೇಡಿ. ಸೀದಾ ಒಳಗೇ ಬಂದು ಪಾಕ್ ಮಾಡಿ. ಜಾಗ ಬೇಕಾದಷ್ಟಿದೆ."

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ಮಗಾ," ಎಂದು ಅತ್ತೆ ಫೋನಿಟ್ಟರು.

ಶನಿವಾರ ಗೇಟಿನ ಮುಂದೆ ಲಾರಿ ಬಂದು ನಿಂತಿತು. ಮಂಚ, ಒಲೆ, ಮೆಣಸು ಅರೆಯುವ ಯಂತ್ರ, ಕೋಳಿಗಳು, ದಿವಂಗತ ಮಾವನ ದೊಡ್ಡ ಫೋಟೊ. ಎಲ್ಲದರ ಮುಂದೆ, ಡ್ರೈವರನ ಪಕ್ಕ, ರಾಜಮಾತೆಯಂತೆ ಅತ್ತೆ.

"ಇದೇನು ಮಾಮಾ?"

"ನೀನೇ ಅಲ್ವಾ ಬಂದು ಪಾಕ್ ಮಾಡಿ ಅಂದಿದ್ದು? ಬಾಡಿಗೆ ಮನೆ ಬೀಗದಕೈ ವಾಪಸ್ ಕೊಟ್ಟು ಬಂದೆ. ಅವರು ಹೋದ್ಮೇಲೆ ನಮ್ಮಲ್ಲಿ ಬಂದಿರು ಅಂತ ಒಬ್ಬರೂ ಕರೆದಿರ್ಲಿಲ್ಲ ಮಗಾ. ಹೆತ್ತ ಮಗನೂ ಕರೀಲಿಲ್ಲ."

"ಅಯ್ಯೋ, ನಾನು ಹೇಳಿದ್ದು ಗಾ..." ಎನ್ನುತ್ತ ಒಚುಕೊ ಪಕ್ಕಕ್ಕೆ ತಿರುಗಿದ. ಹೆಂಡತಿ ಎಡಿರಿನ್ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಎಷ್ಟು ಸಲ ಕೇಳೋಣ ಅಂದ್ಕೊಂಡಿದ್ದೆ, ಬಾಯೇ ಬರ್ಲಿಲ್ಲ," ಎಂದಳು. "ನೀನಾಗೇ ಕರೆದ್ಯಲ್ಲ, ಒಚುಕೊ."

ಗಾಡಿಯ 'ಡಿ' ಹೊಟ್ಟೆಯೊಳಗೇ ಉಳಿಯಿತು.

"ಗಾ... ಗಾಳಿ ಚೆನ್ನಾಗಿ ಬರೋ ಕೋಣೆ ನಿಮಗೆ ಅಂತ, ಮಾಮಾ," ಎಂದ.

ಆ ಕೋಣೆ ಅವನದೇ ಆಗಿತ್ತು. ಸಂಜೆಯೊಳಗೆ ತಗಡಿನ ಚಪ್ಪರವೂ ಕೈತಪ್ಪಿತು. ದಿನಾ ಬೆಳಿಗ್ಗೆ ತಾನು ಮುಖ ತೊಳೆಯುವ ಮೊದಲು ಅವನು ತೊಳೆಯುತ್ತಿದ್ದ ಹಳೆಯ ಕಾರು ಅಲ್ಲಿರುತ್ತಿತ್ತು. ಈಗ ಅತ್ತೆಯ ಒಲೆ ಬಂತು. ಪ್ರಾಣಕ್ಕಿಂತ ಹೆಚ್ಚಾದ ಕಾರನ್ನು ಅವನು ಮೆಲ್ಲಗೆ ಹೊರಗೆ ತಂದು ಚರಂಡಿ ಪಕ್ಕ ನಿಲ್ಲಿಸಿದ. ಒಂದು ರಾತ್ರಿಗೆ ಏನಾದೀತು ಎಂದುಕೊಂಡ.

ಬೆಳಿಗ್ಗೆ ಅಲ್ಲಿ ಚಕ್ರದ ಗುರುತು ಮಾತ್ರ ಇತ್ತು. ತಲೆಯ ಮೇಲೆ ಕೈಹೊತ್ತು ನಿಂತವನ ಬಳಿ ಅತ್ತೆ ಬಿಸಿ ಬಿಸಿ ಮೀನಿನ ಸಾರು ಹಿಡಿದು ಬಂದರು. ಖಾಲಿ ಜಾಗವನ್ನು ನೋಡಿ ಮನಸಾರೆ ನೊಂದುಕೊಂಡರು.

"ಅಲ್ಲ ಮಗಾ, ಹೊರಗೆ ಪಾಕ್ ಮಾಡ್ಬೇಡಿ ಅಂತ ನನಗೆ ಬುದ್ಧಿ ಹೇಳಿದವನು ನೀನು. ನಿನ್ನದನ್ನ ಯಾಕೆ ಹೊರಗಿಟ್ಟೆ?"

ಒಚುಕೊ ಸಾರು ಕುಡಿದ. ಸಾರು ಬಹಳ ಚೆನ್ನಾಗಿತ್ತು.