ಮೊಮ್ಮಗಳ ಪಾಸಿನಲ್ಲೊಂದು ಮಚ್ಚೆ

ಮನೆಯಲ್ಲಿ ಹೊಸದೇನು ಕಂಡರೂ ಅದಕ್ಕೊಂದು ದೃಷ್ಟಿಬೊಟ್ಟು ಇಡದಿದ್ದರೆ ನನಗೆ ಸಮಾಧಾನವಿಲ್ಲ. ಕರು ಹುಟ್ಟಲಿ, ಮಗ ಮೋಟರ್ ಸೈಕಲ್ ತರಲಿ, ನನ್ನ ಬೆರಳು ತಾನಾಗಿಯೇ ಕಾಡಿಗೆಯ ಡಬ್ಬಿಗೆ ಹೋಗುತ್ತದೆ. ಜನರ ಕಣ್ಣು ಕೆಟ್ಟದ್ದೆಂದಲ್ಲ. ನಮ್ಮದೇ ಅಷ್ಟು ಚಂದ ಇದ್ದರೆ ಅವರಾದರೂ ಏನು ಮಾಡಿಯಾರು! ಅಂಥದ್ದರಲ್ಲಿ ಮೊಮ್ಮಗಳು ಪಲ್ಲವಿ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾದಾಗ ಸುಮ್ಮನೆ ಕೂಡುವುದು ಹೇಗೆ? ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಓಡಿದ್ದೆಂದರೆ ಎಮ್ಮೆಯ ಹಿಂದೆ ಮಾತ್ರ. ನಮ್ಮೂರು ಅಸೂಟಿಯ ಬಯಲಿನಲ್ಲಿ ಆಕೆ ಚೆಂಡಿನ ಹಿಂದೆ ಓಡುವುದನ್ನು ನೋಡಿದರೆ ನನ್ನ ಮೊಣಕಾಲ ನೋವು ಎಲ್ಲಿ ಹೋಗುತ್ತದೋ ದೇವರೇ ಬಲ್ಲ.

ಈಗ ಆಟ ಆಡುವುದಕ್ಕೂ ಮೊಬೈಲಿನಲ್ಲಿ ಪಾಸ್ ಬೇಕಂತೆ. ಹುಡುಗಿಯ ಫೋಟೋ, ಹೆಸರು, ಹುಟ್ಟಿದ ದಿನ ಎಲ್ಲವೂ ಅದರಲ್ಲಿ. ಆಟಕ್ಕೆ ಮೊದಲು ಒಬ್ಬರು ಗೇಟಿನಲ್ಲಿ ನಿಂತು ಫೋಟೋ ನೋಡಿ, ಮುಖ ನೋಡಿ, ಎರಡೂ ಹೊಂದಿದರೆ ಒಳಗೆ ಬಿಡುತ್ತಾರೆ. ತಂಡವನ್ನು ತಯಾರು ಮಾಡುವ ಸಾಲಿಯ ಅಕ್ಕೋರು ಫೋಟೋ ತೆಗೆಯಲು ಮನೆಗೆ ಬಂದರು. ಅವರು ಮೊಬೈಲ್ ಎತ್ತುವಷ್ಟರಲ್ಲಿ ನಾನು ಪಲ್ಲವಿಯ ಗಲ್ಲಕ್ಕೆ ಕಡಲೆಕಾಳಿನಷ್ಟು ಕಾಡಿಗೆ ಒತ್ತಿಬಿಟ್ಟೆ. ಮೊಬೈಲಿನೊಳಗೆ ಹೋದ ಮುಖವನ್ನು ಎಷ್ಟು ಊರಿನವರು ನೋಡುತ್ತಾರೋ, ಯಾರಿಗೆ ಗೊತ್ತು!

ಪಂದ್ಯ ನರಗುಂದದಲ್ಲಿ. ಟಂಟಂ ಗಾಡಿಯ ತುಂಬ ಹುಡುಗಿಯರು, ಹಾಡು, ಚುರಮುರಿ. ಅವರ ನಡುವೆ ನಾನು ಮತ್ತು ಸೊಸೆ ರೇಣುಕಾ. ಗೇಟಿನಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಸರ್ ಒಬ್ಬರು ಅಕ್ಕೋರ ಮೊಬೈಲ್ ನೋಡುತ್ತ ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಪಲ್ಲವಿಯ ಸರದಿ ಬಂದಾಗ ಕೈ ಅಡ್ಡ ಹಿಡಿದರು.

"ಅಕ್ಕೋರ, ಇದರಾಗ ಗಲ್ಲದ ಮ್ಯಾಲೆ ದೊಡ್ಡ ಮಚ್ಚಿ ಐತ್ರಿ. ಈಕಿಗಿಲ್ಲ. ಬ್ಯಾರೆ ಹುಡುಗೀನ ತಂದೀರೇನ?"

ಪಲ್ಲವಿ ಗೇಟಿನೊಳಗೆ ಇಣುಕಿದಳು. ಒಳಗೆ ಗೆಳತಿಯರು ಆಗಲೇ ಚೆಂಡು ಒದೆಯುತ್ತಿದ್ದರು. "ಆಯಿ, ನನ್ನ ಬಿಡೂದಿಲ್ಲೇನ?" ಎಂದು ನನ್ನ ಸೆರಗು ಹಿಡಿದಳು.

"ಯಪ್ಪಾ, ಅದು ಮಚ್ಚಿ ಅಲ್ಲೋ! ನಾ ಹಚ್ಚಿದ ಕಾಡಿಗಿ!"

"ಎಲ್ಲಾರೂ ಒಂದೊಂದು ನೆವ ಹೇಳ್ತಾರ್ರೀ ಅಜ್ಜಿ."

ಪಕ್ಕದಲ್ಲೇ ಚಹಾದ ಅಂಗಡಿ. ಹೋದೆ, ಪಾತ್ರೆಯ ತಳದ ಮಸಿಗೆ ಬೆರಳು ತಿಕ್ಕಿದೆ, ಬಂದು ಮೊಮ್ಮಗಳ ಗಲ್ಲಕ್ಕೆ ಒತ್ತಿದೆ. "ಈಗ ನೋಡು, ಹೊಂದತೈತಿಲ್ಲೋ!"

"ಹಿಂಗ ಹಚ್ಚಿದ್ರ ನಾನೂ ಪಲ್ಲವಿ ಆಗ್ತೇನ್ರಿ" ಎಂದರು ಸರ್. ಸುತ್ತ ನಿಂತವರೆಲ್ಲ ಗೊಳ್ಳೆಂದರು.

"ಅತ್ತೀ, ನೀವು ಇನ್ನ ಸುಮ್ನಿರ್ರಿ" ಎಂದು ರೇಣುಕಾ ತನ್ನ ಮೊಬೈಲ್ ತೆಗೆದಳು. "ನೋಡ್ರಿ ಸರ, ಇದು ನಮ್ಮ ಕರಾ." ಕರುವಿನ ಹಣೆಯಲ್ಲಿ ಬೊಟ್ಟು. "ಇದು ನಮ್ಮ ಗಾಡಿ." ದೀಪದ ಪಕ್ಕದಲ್ಲಿ ಬೊಟ್ಟು. "ಇದು ಹಿತ್ತಲದಾಗಿನ ಕುಂಬಳಕಾಯಿ." ಅದಕ್ಕೂ! ಆಮೇಲೆ ಪಲ್ಲವಿಯ ಫೋಟೋಗಳು: ಹುಟ್ಟುಹಬ್ಬಕ್ಕೆ ಬೊಟ್ಟು ಎಡಗಲ್ಲದಲ್ಲಿ, ದೀಪಾವಳಿಗೆ ಬಲಗಲ್ಲದಲ್ಲಿ, ಯುಗಾದಿಗೆ ಗದ್ದದ ಮೇಲೆ. "ಖರೇ ಮಚ್ಚಿ ಹಿಂಗ ಮಾರಿ ತುಂಬ ತಿರಗ್ಯಾಡತೈತೇನ್ರಿ ಸರ?"

ಸರ್ ನಕ್ಕ ನಗೆಗೆ ಸೀಟಿ ಎದೆಯ ಮೇಲೆ ಕುಣಿಯಿತು. "ಹೋಗವಾ ತಂಗಿ, ಲಗೂ ಓಡು!"

ಮುಂದಿನದನ್ನು ಹೇಗೆ ಹೇಳಲಿ? ಆಟದ ನಿಯಮ ನನಗೆ ಒಂದೂ ತಿಳಿಯದು. ಯಾವ ಕಡೆ ಚೆಂಡು ಹೋದರೂ ಚಪ್ಪಾಳೆ ಹೊಡೆದೆ. ಅಕ್ಕೋರು, "ಅಜ್ಜಿ, ಅದು ಅವರ ಗೋಲ್ರಿ" ಎಂದು ಒಮ್ಮೆ ಕೈ ಹಿಡಿದು ನಿಲ್ಲಿಸಿದರು. ಆದರೆ ಕೊನೆಗೆ ಪಲ್ಲವಿ ಒದ್ದ ಚೆಂಡು ಬಲೆಯಲ್ಲಿ ಬಿದ್ದಾಗ ಯಾರೂ ಹೇಳಬೇಕಾಗಲಿಲ್ಲ. ಗೆದ್ದೆವು! ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈದಾನಕ್ಕೆ ನುಗ್ಗಿದೆ. ಆನಂದಕ್ಕೆ ಕಣ್ಣು ಮಂಜು ಮಂಜು. ಹುಡುಗಿಯನ್ನು ಅಪ್ಪಿ, "ನನ್ನ ಬಂಗಾರ, ನನ್ನ ಹುಲಿ!" ಎಂದು ಮುದ್ದಿಟ್ಟು, ಹತ್ತೂ ಬೆರಳಿನ ಲಟಿಕೆ ಮುರಿದೆ.

"ಅಜ್ಜೀ, ನಾ ಸುಧಾ ಅದೀನ್ರಿ" ಎಂದಿತು ಆ ಹುಡುಗಿ ನನ್ನ ತೋಳಿನೊಳಗಿಂದ. "ಪಲ್ಲವಿ ಅಲ್ಲಿ ನಿಂತಾಳ."

ಎಲ್ಲರದೂ ಒಂದೇ ಅಂಗಿ, ಒಂದೇ ಜಡೆ, ನಾನೇನು ಮಾಡಲಿ? ಹಿಂದಿನಿಂದ ಸೀಟಿಯ ಸರ್ ದನಿ ಬಂತು: "ಅಜ್ಜೀ, ಪಾಸ್ ತಗದು ತೋರಸ್ಲೇನ್ರಿ?"

"ತೋರ್ಸೋ ಯಪ್ಪಾ" ಎಂದೆ.